ಕೈಕಾಲು ಸ್ವಾಧೀನ ತಪ್ಪಿದ ಮೇಲೆ ನಾಲ್ಕು ಜನರ ನಡುವೆ ಬದುಕುವುದು ಹೇಗೆ?

ಅಡಿಕೆ ಕೊಯ್ಯುವಾಗ ಮರದಿಂದ ಬಿದ್ದವರು, ಬೈಕ್ ಸ್ಕಿಡ್ ಆಗಿ ಬಿದ್ದವರು, ಕಟ್ಟಡದ ಸಾರುವೆಯಿಂದ ಜಾರಿದವರು, ಬೇಸಿಗೆ ರಜೆಯಲ್ಲಿ ಆಳ ನೋಡದೆ ಕೆರೆಗೆ ತಲೆ ಮುಂದಾಗಿ ಹಾರಿದ ಹುಡುಗರು. ನಮ್ಮ ಕಡೆ ಕುತ್ತಿಗೆಗೆ ದೊಡ್ಡ ಪೆಟ್ಟು ಬೀಳುವುದು ಹೆಚ್ಚಾಗಿ ಹೀಗೆ. ಆಪರೇಷನ್ ಆಗಿ, ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು, ಒಂದು ದಿನ ಅವರು ವೀಲ್‌ಚೇರಿನಲ್ಲಿ ಮನೆಗೆ ಬರುತ್ತಾರೆ. ಅಲ್ಲಿಯವರೆಗಿನದನ್ನು ಡಾಕ್ಟರು ನೋಡಿಕೊಂಡಿರುತ್ತಾರೆ. ಅಲ್ಲಿಂದ ಮುಂದಿನದು ಮನೆಯವರಿಗೂ ಹೊಸದು, ನೆಂಟರಿಗೂ ಹೊಸದು, ಪೆಟ್ಟು ತಿಂದವರಿಗಂತೂ ಪೂರ್ತಿ ಹೊಸದು.

ನೋಡಲು ಹೋದಾಗ ಏನು ಮಾತಾಡಬೇಕು? ಮಗಳ ಮದುವೆಗೆ ಅವರನ್ನು ಕರೆಯಬೇಕೋ, ಕರೆದರೆ ಸುಮ್ನೆ ತೊಂದರೆ ಕೊಟ್ಟಂತಾಗುತ್ತದೋ? ಬರುತ್ತೇನೆ ಅಂದವರು ಬೆಳಗ್ಗೆ ಎದ್ದು ಆಗಲ್ಲ ಅಂದರೆ ಯಾಕೆ? ಇವೆಲ್ಲ ಸಣ್ಣ ಪ್ರಶ್ನೆಗಳೇ. ಉತ್ತರ ಗೊತ್ತಿಲ್ಲದೆ ಜನ ದೂರ ಉಳಿದುಬಿಡುತ್ತಾರೆ, ಅಷ್ಟೇ. ಬೆನ್ನುಹುರಿಗೆ ಪೆಟ್ಟಾಗಿ ಬದುಕುತ್ತಿರುವವರು ಪ್ರಪಂಚದಲ್ಲಿ 1.5 ಕೋಟಿಗೂ ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರ ದಿನ ಹೇಗೆ ನಡೆಯುತ್ತದೆ ಅನ್ನುವುದನ್ನು ಇಲ್ಲಿ ಬುಡದಿಂದ ನೋಡೋಣ.

ಕುತ್ತಿಗೆಯಲ್ಲಿ ಆಗುವುದೇನು?

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆ ಹೊರಗಿನ ಕವಚ. ಅದರ ಒಳಗೆ ಮಿದುಳಿನಿಂದ ಸೊಂಟದ ಹತ್ತಿರದವರೆಗೆ ಇಳಿಯುವ ನರಗಳ ಕಟ್ಟು ಬೆನ್ನುಹುರಿ. 'ಕೈ ಎತ್ತು' ಅನ್ನುವ ಅಪ್ಪಣೆ ಇದರಲ್ಲಿ ಕೆಳಗೆ ಇಳಿಯುತ್ತದೆ, 'ನೀರು ಸುಡುತ್ತಿದೆ' ಅನ್ನುವ ಸುದ್ದಿ ಇದರಲ್ಲೇ ಮೇಲೆ ಹತ್ತುತ್ತದೆ.

ಊರೂರು ದಾಟಿ ಹೋಗುವ ಕರೆಂಟ್ ಲೈನನ್ನು ನೆನಪಿಸಿಕೊಳ್ಳಿ. ಲೈನ್ ಎಲ್ಲಿ ತುಂಡಾಯಿತೋ ಅಲ್ಲಿಂದ ಮುಂದಿನ ಊರುಗಳಿಗೆ ಕರೆಂಟ್ ಇಲ್ಲ. ಹಿಂದಿನ ಊರುಗಳಲ್ಲಿ ಎಲ್ಲವೂ ಮೊದಲಿನಂತೆ. ಪೂರ್ತಿ ತುಂಡಾಗದೆ ಎಳೆ ಎಳೆಯಾಗಿ ಉಳಿದಿದ್ದರೆ ಮುಂದಿನ ಊರುಗಳಲ್ಲಿ ದೀಪ ಮಿಣಮಿಣ ಅನ್ನುತ್ತದೆ. ಬೆನ್ನುಹುರಿಯ ಪೆಟ್ಟೂ ಹೀಗೆಯೇ. ಸೊಂಟದ ಕಡೆ ಅಥವಾ ಎದೆಯ ಮಟ್ಟದಲ್ಲಿ ಪೆಟ್ಟಾದರೆ ಕಾಲು ಹೋಗುತ್ತದೆ, ಕೈ ಉಳಿಯುತ್ತದೆ. ಅದು ಪ್ಯಾರಾಪ್ಲೀಜಿಯ. ಕುತ್ತಿಗೆಯಲ್ಲೇ ಪೆಟ್ಟಾದರೆ ಕಾಲು, ಹೊಟ್ಟೆ, ಎದೆಯ ಸ್ನಾಯುಗಳ ಜೊತೆ ಕೈಯೂ ಪೂರ್ತಿಯಾಗಿಯೋ ಸ್ವಲ್ಪವೋ ಸೇರುತ್ತದೆ. ಅದು ಕ್ವಾಡ್ರಿಪ್ಲೀಜಿಯ. ಡಾಕ್ಟರು ಟೆಟ್ರಾಪ್ಲೀಜಿಯ ಎಂದು ಬರೆದಿದ್ದರೂ ಅದೇ.

ಇದನ್ನು ಬಹಳ ಜನ ಲಕ್ವ ಎಂದುಕೊಳ್ಳುತ್ತಾರೆ. ಲಕ್ವದಲ್ಲಿ ತೊಂದರೆ ಮಿದುಳಿನದು. ಸಾಮಾನ್ಯವಾಗಿ ದೇಹದ ಒಂದು ಪಕ್ಕ ಹೋಗುತ್ತದೆ, ಕೆಲವರಿಗೆ ಮಾತು ತೊದಲುತ್ತದೆ, ಮರೆವು ಬರುತ್ತದೆ. ಬೆನ್ನುಹುರಿಯ ಪೆಟ್ಟಿನಲ್ಲಿ ಮಿದುಳಿಗೆ ಏನೂ ಆಗಿರುವುದಿಲ್ಲ (ಅದೇ ಅಪಘಾತದಲ್ಲಿ ತಲೆಗೂ ಏಟು ಬಿದ್ದಿದ್ದರೆ ಅದು ಬೇರೆ ಮಾತು). ಲೆಕ್ಕ, ಜಗಳ, ಜೋಕು, ಯಾರು ಯಾರಿಗೆ ಎಷ್ಟು ಸಾಲ ಕೊಡಬೇಕು ಅನ್ನುವ ನೆನಪು ಎಲ್ಲ ಹಾಗೇ ಇರುತ್ತದೆ. ನೋಡಲು ಬಂದವರು ಜೋರಾಗಿ, ನಿಧಾನವಾಗಿ, ಮಗುವಿಗೆ ಹೇಳಿದಂತೆ ಮಾತಾಡುವುದು ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ.

ಯಾವ ನರ, ಎಷ್ಟು ಕೈ?

ಕುತ್ತಿಗೆಯಲ್ಲಿ 7 ಮೂಳೆಗಳಿವೆ, 8 ಜೊತೆ ನರಗಳು ಹೊರಡುತ್ತವೆ. ಇವುಗಳಿಗೆ ಸಿ1ರಿಂದ ಸಿ8ರವರೆಗೆ ನಂಬರು. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಸಿ5' ಅಥವಾ 'ಸಿ6' ಅಂತ ಬರೆದಿರುತ್ತಾರಲ್ಲ, ಇಡೀ ಬದುಕಿನ ಲೆಕ್ಕ ಹೆಚ್ಚುಕಡಿಮೆ ಆ ಒಂದು ನಂಬರಿನಲ್ಲಿದೆ.

ಉಸಿರಾಟದ ಮುಖ್ಯ ಸ್ನಾಯು ವಪೆ. ಅದಕ್ಕೆ ಹೋಗುವ ನರ ಸಿ3, ಸಿ4, ಸಿ5ರಿಂದ ಹೊರಡುತ್ತದೆ. ಅದಕ್ಕಿಂತ ಮೇಲೆ ಪೆಟ್ಟಾದರೆ ಉಸಿರಿಗೇ ಯಂತ್ರ ಬೇಕು. ಸಿ5 ಉಳಿದಿದ್ದರೆ ಭುಜ ಆಡುತ್ತದೆ, ಮೊಣಕೈ ಮಡಚಬಹುದು, ಬಿಚ್ಚುವಷ್ಟು ಶಕ್ತಿ ಇರುವುದಿಲ್ಲ. ಸಿ6 ಉಳಿದಿದ್ದರೆ ಮಣಿಕಟ್ಟು ಮೇಲಕ್ಕೆ ಎತ್ತಬಹುದು. ಸಿ7 ಇದ್ದರೆ ಮೊಣಕೈ ನೇರ ಮಾಡಬಹುದು, ಅಂದರೆ ಕೈಯೂರಿ ಮಂಚದಿಂದ ಕುರ್ಚಿಗೆ ತಾನೇ ಜರುಗುವ ಸಾಧ್ಯತೆ ಇದೆ. ಸಿ8 ಇದ್ದರೆ ಬೆರಳು ಮಡಚುತ್ತದೆ. ಒಂದೊಂದು ನಂಬರಿಗೂ ಇಷ್ಟು ವ್ಯತ್ಯಾಸ. 'ನಮ್ಮೂರಲ್ಲಿ ಒಬ್ಬರಿಗೆ ಹೀಗೇ ಆಗಿತ್ತು, ಈಗ ತಾವೇ ಊಟ ಮಾಡ್ತಾರೆ, ನಿಂಗ್ಯಾಕೆ ಆಗಲ್ಲ?' ಅನ್ನುವ ಮಾತು ಯಾಕೆ ನೋಯಿಸುತ್ತದೆ ಅಂತ ಈಗ ಗೊತ್ತಾಗುತ್ತದೆ, ಅಲ್ವಾ?

ಸಿ6ನವರ ಕೈಯಲ್ಲಿ ಒಂದು ಚೆಂದದ ಕಸರತ್ತು ಇದೆ, ಸ್ವಲ್ಪ ನಿಂತು ನೋಡಬೇಕು. ಅವರ ಬೆರಳುಗಳು ತಾವಾಗಿ ಮಡಚುವುದಿಲ್ಲ. ಆದರೆ ಮಣಿಕಟ್ಟನ್ನು ಹಿಂದಕ್ಕೆ ಎತ್ತಿದಾಗ ಬೆರಳಿನ ಸ್ನಾಯುರಜ್ಜು ಎಳೆದು ಬೆರಳು ತಾನೇ ಒಳಗೆ ಸುತ್ತಿಕೊಳ್ಳುತ್ತದೆ, ಹೆಬ್ಬೆರಳು ಬಂದು ತೋರುಬೆರಳಿನ ಪಕ್ಕಕ್ಕೆ ಒತ್ತುತ್ತದೆ. ಮಣಿಕಟ್ಟು ಇಳಿಬಿಟ್ಟರೆ ಹಿಡಿತ ಬಿಚ್ಚುತ್ತದೆ. ನೀವೂ ಕೈ ಸಡಿಲ ಬಿಟ್ಟು ಮಣಿಕಟ್ಟನ್ನಷ್ಟೇ ಮೇಲೆ ಕೆಳಗೆ ಆಡಿಸಿ ನೋಡಿ, ಬೆರಳು ಸ್ವಲ್ಪ ಹಾಗೇ ಮಾಡುತ್ತದೆ. ಇದಕ್ಕೆ ಟೆನೊಡೆಸಿಸ್ ಹಿಡಿತ ಎನ್ನುತ್ತಾರೆ. ಇದರಿಂದ ಹಗುರವಾದ ಲೋಟ ಎತ್ತಬಹುದು, ನೋಟು ಹಿಡಿಯಬಹುದು, ಫೋನ್ ಜರುಗಿಸಬಹುದು. ಅದಕ್ಕೇ ಮನೆಯವರು ಪ್ರೀತಿಯಿಂದ ದಿನಾ ಆ ಬೆರಳುಗಳನ್ನು ಪೂರ್ತಿ ನೇರ ಮಾಡಿ ಹಿಂದಕ್ಕೆ ಎಳೆದು ತಿಕ್ಕಬಾರದು ಎಂದು ಫಿಸಿಯೊಗಳು ಹೇಳುವುದು. ರಜ್ಜು ಸಡಿಲವಾದರೆ ಹಿಡಿತವೂ ಹೋಗುತ್ತದೆ.

ಹೊರಗೆ ಕಾಣದ ಟೈಮ್‌ಟೇಬಲ್

ಕೈಕಾಲು ಆಡದಿರುವುದು ಎಲ್ಲರಿಗೂ ಕಾಣುತ್ತದೆ. ನಾಲ್ಕು ಜನರ ಜೊತೆ ಬೆರೆಯಲು ಹೆಚ್ಚು ಅಡ್ಡ ಬರುವುದು ಕಾಣದೇ ಇರುವ ಸಂಗತಿಗಳು. ಬೆನ್ನುಹುರಿಯ ಸಂಪರ್ಕ ಹೋದಾಗ ಮೂತ್ರಕೋಶ, ಕರುಳು, ಬೆವರು, ರಕ್ತದೊತ್ತಡ, ಚರ್ಮದ ಎಚ್ಚರ ಎಲ್ಲವೂ ಮಿದುಳಿನ ಕೈತಪ್ಪುತ್ತವೆ. ತಾನಾಗಿ ನಡೆಯುತ್ತಿದ್ದುದನ್ನೆಲ್ಲ ಗಡಿಯಾರ ನೋಡಿ ಮಾಡಬೇಕಾಗುತ್ತದೆ.

ಮೂತ್ರ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಕೆಲವರು ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ ಎಂಬ ತೆಳುವಾದ ಟ್ಯೂಬು ಹಾಕಿ ಖಾಲಿ ಮಾಡಿಸಿಕೊಳ್ಳುತ್ತಾರೆ. ಕೆಲವರಿಗೆ ಟ್ಯೂಬು ಒಳಗೇ ಇದ್ದು, ಪ್ಯಾಂಟಿನೊಳಗೆ ಕಾಲಿಗೆ ಕಟ್ಟಿದ ಚೀಲಕ್ಕೆ ತುಂಬುತ್ತದೆ. ಹೊರಗೆ ಹೋಗುವ ದಿನ ಬೇಕಂತಲೇ ನೀರು ಕಡಿಮೆ ಕುಡಿಯುವವರು ಬಹಳ. ಚೀಲ ತುಂಬಿದರೆ ಯಾರನ್ನು ಕೇಳುವುದು ಅನ್ನುವ ಸಂಕೋಚ. ಆ ಅಭ್ಯಾಸ ಬೆಳೆದರೆ ಸೋಂಕು, ಕಲ್ಲು ಎರಡಕ್ಕೂ ದಾರಿ.

ಮಲವಿಸರ್ಜನೆಗೂ ಹೊತ್ತು ಗೊತ್ತುಮಾಡಿಕೊಳ್ಳಬೇಕು. ದಿನಾ ಅಥವಾ ದಿನ ಬಿಟ್ಟು ದಿನ, ಅದೇ ಹೊತ್ತಿಗೆ, ಸಪೊಸಿಟರಿ (ಗುದದ್ವಾರದೊಳಗೆ ಇಡುವ ಔಷಧಿ) ಇಟ್ಟು, ಕಾದು, ಇನ್ನೊಬ್ಬರ ಕೈ ಸಹಾಯದಿಂದ. ಒಂದು ಗಂಟೆಯಾದರೂ ಬೇಕು. ಆಮೇಲೆ ಸ್ನಾನ, ಬಟ್ಟೆ, ಕುರ್ಚಿಗೆ ಎತ್ತಿ ಕೂರಿಸುವುದು. ಬೆಳಗ್ಗೆ 7 ಗಂಟೆ ಮುಹೂರ್ತಕ್ಕೆ ಬರಬೇಕಾದರೆ ಅವರ ಮನೆಯಲ್ಲಿ ರಾತ್ರಿ 3 ಗಂಟೆಗೇ ದೀಪ ಹಾಕಬೇಕು. ಒಬ್ಬರಲ್ಲ, ಇಬ್ಬರು ಏಳಬೇಕು. ಮದುವೆಗೆ ಬರದವರು ಸಂಜೆ ರಿಸೆಪ್ಷನ್‌ಗೆ ಬಂದರೆ ಅದಕ್ಕೆ ಕಾರಣ ಬಹುಪಾಲು ಇದು. ಈ ಕಾರಣವನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? 'ಸ್ವಲ್ಪ ಹುಷಾರಿರಲಿಲ್ಲ' ಅಂತಾರೆ. ಕೇಳಿದವರು 'ಬರೋಕೆ ಮನಸ್ಸಿಲ್ಲ' ಅಂತ ತಿಳಿಯುತ್ತಾರೆ.

ಚರ್ಮದ ವಿಷಯ ಇನ್ನೊಂದು. ಒಂದೇ ಕಡೆ ಕೂತರೆ ನಮಗೆ ನೋವಾಗುತ್ತದೆ, ಗೊತ್ತಿಲ್ಲದೆ ಜರುಗುತ್ತೇವೆ. ಅವರಿಗೆ ನೋವಿಲ್ಲ, ಜರುಗಲೂ ಆಗುವುದಿಲ್ಲ. ಭಾರ ಬಿದ್ದ ಜಾಗಕ್ಕೆ ರಕ್ತ ಹೋಗದೆ ಹುಣ್ಣಾಗುತ್ತದೆ. ಇದೇ ಬೆಡ್ ಸೋರ್. ಒಮ್ಮೆ ಆಳವಾದರೆ ವಾಸಿಯಾಗಲು ತಿಂಗಳುಗಳು ಬೇಕು, ಅಷ್ಟೂ ದಿನ ಬೋರಲು ಅಥವಾ ಮಗ್ಗುಲಾಗಿ ಮಲಗಿಯೇ ಇರಬೇಕು. ಹಾಗಾಗಿ ಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಯಾರಾದರೂ ಕುರ್ಚಿಯನ್ನು ಹಿಂದಕ್ಕೆ ವಾಲಿಸಿಯೋ, ಅವರನ್ನು ಮುಂದಕ್ಕೆ ಬಾಗಿಸಿಯೋ ಕೆಳಗಿನ ಭಾರ ತಪ್ಪಿಸಬೇಕು. ಸಭೆಯ ನಡುವೆ ಹೀಗೆ ಮಾಡಿದರೆ ಅಕ್ಕಪಕ್ಕದವರು ಗಾಬರಿಯಾಗಿ ಎದ್ದು ನಿಲ್ಲುವುದುಂಟು. ಗಾಬರಿ ಬೇಡ, ನಿಮ್ಮ ಮಾತು ಮುಂದುವರಿಸಿ.

ಪೆಟ್ಟಾದ ಮಟ್ಟದ ಕೆಳಗೆ ಬೆವರುವುದಿಲ್ಲ, ಅಥವಾ ತೀರಾ ಕಡಿಮೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಮೈ ಬಿಸಿ ಇಳಿಯಲು ದಾರಿಯೇ ಇಲ್ಲ. ನೀರು ಚಿಮುಕಿಸುವ ಬಾಟಲಿ, ಒದ್ದೆ ಟವೆಲ್ ಜೊತೆಗಿರಬೇಕು. ಹಾಗೆಯೇ ಬಿಸಿ ಮುಟ್ಟಿದ್ದು ಗೊತ್ತಾಗುವುದಿಲ್ಲ. ಕಾಫಿ ಲೋಟವನ್ನು ಅವರ ತೊಡೆಯ ಮೇಲೆ ಇಟ್ಟು 'ಹಿಡ್ಕೊಳ್ಳಿ' ಅನ್ನಬೇಡಿ. ಬೊಬ್ಬೆ ಎದ್ದ ಮೇಲಷ್ಟೇ ತಿಳಿಯುತ್ತದೆ.

ಇನ್ನು ಕಾಲು ಇದ್ದಕ್ಕಿದ್ದಂತೆ ಜಿಗಿಯುವುದು, ನಡುಗುವುದು. ಕಾರು ಹಂಪ್ ಹಾರಿದಾಗ, ಯಾರೋ ಪಾದ ಮುಟ್ಟಿದಾಗ ಹೀಗಾಗುತ್ತದೆ. 'ಅಯ್ಯೋ, ಕಾಲು ಆಡ್ತಾ ಇದೆ! ಸರಿ ಹೋಗ್ತಿದೆ!' ಎಂದು ಮನೆಯವರು ಕಣ್ಣೀರು ಹಾಕಿಕೊಂಡದ್ದೂ ಇದೆ. ಇದು ಸ್ಪಾಸಮ್. ಮಿದುಳಿನ ಅಪ್ಪಣೆಯಿಲ್ಲದೆ ಕೆಳಗಿನ ನರಗಳು ತಮ್ಮಷ್ಟಕ್ಕೆ ಕೊಡುವ ಪ್ರತಿಕ್ರಿಯೆ. ಇದನ್ನು ನೋಡಿಯೇ ಗುಣವಾಯಿತು ಅನ್ನಲಾಗದು.

ಜೊತೆಗಿರುವ ಎಲ್ಲರಿಗೂ ಗೊತ್ತಿರಬೇಕಾದ ಒಂದು ಅಪಾಯ

ಎದೆಯ ಆರನೇ ನರದ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಬರಬಹುದಾದ ತುರ್ತು ಸ್ಥಿತಿ ಒಂದಿದೆ. ಹೆಸರು ಅಟೊನಾಮಿಕ್ ಡಿಸ್‌ರಿಫ್ಲೆಕ್ಸಿಯ. ಕೆಳಗೆಲ್ಲೋ ಏನೋ ತೊಂದರೆ ಆಗಿರುತ್ತದೆ. ಮೂತ್ರದ ಟ್ಯೂಬು ಮಡಚಿ ಚೀಲಕ್ಕೆ ಇಳಿಯದೆ ಮೂತ್ರಕೋಶ ಉಬ್ಬಿರಬಹುದು, ಮಲ ಕಟ್ಟಿರಬಹುದು, ಬೆಲ್ಟು ಬಿಗಿಯಾಗಿರಬಹುದು, ಕಾಲ್ಬೆರಳ ಉಗುರು ಒಳಗೆ ಬೆಳೆದಿರಬಹುದು. ದೇಹ ಆ ನೋವಿಗೆ ಪ್ರತಿಕ್ರಿಯೆಯಾಗಿ ರಕ್ತನಾಳಗಳನ್ನು ಬಿಗಿಮಾಡುತ್ತದೆ. ಬಿ.ಪಿ. ಸರ್ರನೆ ಏರುತ್ತದೆ. ಅದನ್ನು ಇಳಿಸು ಎಂದು ಮಿದುಳು ಕಳಿಸುವ ಅಪ್ಪಣೆ ಪೆಟ್ಟಾದ ಜಾಗ ದಾಟಿ ಹೋಗುವುದಿಲ್ಲ.

ಗುರುತು ಹೀಗೆ: ತಲೆ ಸಿಡಿಯುವಂಥ ನೋವು, ಮುಖ ಕೆಂಪಗಾಗುವುದು, ಮುಖ ಕುತ್ತಿಗೆಯಲ್ಲಿ ಬೆವರು, ಮೂಗು ಕಟ್ಟುವುದು, ರೋಮ ನಿಮಿರುವುದು. ತಲೆನೋವು ಅಂದವರನ್ನು ನಾವು ತಕ್ಷಣ ಮಲಗಿಸುತ್ತೇವೆ. ಇಲ್ಲಿ ಮಲಗಿಸಲೇಬಾರದು. ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಬೆಲ್ಟು, ಸಾಕ್ಸು, ಬಿಗಿ ಬಟ್ಟೆ ಸಡಿಲ ಮಾಡಿ. ಟ್ಯೂಬು ಎಲ್ಲಿ ಮಡಚಿದೆ ನೋಡಿ, ಚೀಲ ಖಾಲಿ ಮಾಡಿ. ತಕ್ಷಣ ಕಡಿಮೆಯಾಗದಿದ್ದರೆ ಆಸ್ಪತ್ರೆ. ಇಲ್ಲಿ ಇನ್ನೊಂದು ತೊಡಕಿದೆ. ಕುತ್ತಿಗೆಯ ಪೆಟ್ಟಿನವರ ಮೇಲಿನ ಬಿ.ಪಿ. ಸಾಮಾನ್ಯವಾಗಿಯೇ 90ರಿಂದ 110ರ ಆಸುಪಾಸು ಇರುತ್ತದೆ. ತುರ್ತು ವಿಭಾಗದಲ್ಲಿ 140 ಬಂದರೆ 'ಅಂಥದ್ದೇನಿಲ್ಲ' ಅನ್ನಿಸಬಹುದು. ಅವರಿಗೆ ಅದು ಬಹಳ ಜಾಸ್ತಿ. ಅದಕ್ಕೇ ಅನುಭವಸ್ಥರು ತಮ್ಮ ಮಾಮೂಲಿ ಬಿ.ಪಿ. ಎಷ್ಟು, ಈ ತೊಂದರೆ ಏನು ಅಂತ ಬರೆದ ಚೀಟಿಯೊಂದನ್ನು ಕುರ್ಚಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ.

ಇದರ ಉಲ್ಟಾ ಕೂಡ ಇದೆ. ಮಲಗಿದವರನ್ನು ಸರಕ್ಕನೆ ಕೂರಿಸಿದರೆ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ಆಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದರೆ ಸರಿ ಹೋಗುತ್ತದೆ. ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು ಅಷ್ಟೇ.

ನಮಸ್ಕಾರ, ಅಕ್ಷತೆ, ಪಂಕ್ತಿ ಊಟ

ನಾವು ಒಬ್ಬರಿಗೊಬ್ಬರು ಮರ್ಯಾದೆ ತೋರಿಸುವುದು, ಪ್ರೀತಿ ತೋರಿಸುವುದು ಎಷ್ಟು ಸಲ ಕೈಕಾಲಿನಿಂದ ಅಂತ ಲೆಕ್ಕ ಹಾಕಿ. ಹಿರಿಯರು ಬಂದರೆ ಎದ್ದು ನಿಲ್ಲಬೇಕು. ಕೈ ಮುಗಿಯಬೇಕು. ಚಪ್ಪಲಿ ಬಿಡಬೇಕು. ನೆಲದ ಮೇಲೆ ಕೂರಬೇಕು. ಅಜ್ಜಿಯ ಕಾಲು ಮುಟ್ಟಬೇಕು. ಬಲಗೈಯಲ್ಲೇ ಪ್ರಸಾದ ತಗೋಬೇಕು. ಊರಿನ ಈ ಎಲ್ಲ ಪದ್ಧತಿಗಳೂ ಕೈಕಾಲು ಆಡುತ್ತದೆ ಎಂದುಕೊಂಡೇ ಹುಟ್ಟಿದವು. ಅವು ಆಡದಿದ್ದಾಗ ಆ ಮನುಷ್ಯನಿಗೆ ಮೊದಲು ಬರುವುದು ಮುಜುಗರ, ಎದುರಿನವರಿಗೂ ಮುಜುಗರ. ಹೊಂದಿಕೊಳ್ಳುವುದು ಅಂದರೆ ಬಹುಮಟ್ಟಿಗೆ ಈ ಪದ್ಧತಿಗಳಿಗೆ ಬದಲಿ ಹುಡುಕಿಕೊಳ್ಳುವುದು. ಅದು ಬೇಗ ಬರುವುದಿಲ್ಲ, ಬಂದ ಮೇಲೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಕೈ ಮುಗಿಯಲು ಆಗದವರು ಗದ್ದ ಎದೆಗೆ ತಾಗುವಂತೆ ತಲೆ ಬಾಗಿಸುತ್ತಾರೆ. ಭುಜ ಆಡುವವರು ಎರಡು ಮಣಿಕಟ್ಟು ಕೂಡಿಸಿ ಎತ್ತುತ್ತಾರೆ, ಬೆರಳು ಮಡಚಿಕೊಂಡೇ ಇರುತ್ತದೆ. ಯಾರಾದರೂ ಕೈ ಕುಲುಕಲು ಬಂದರೆ ಮುಂಗೈ ಮುಂದೆ ಮಾಡುತ್ತಾರೆ. ಅದನ್ನೇ ಮುಟ್ಟಿ ಅಲ್ಲಾಡಿಸಿದರೆ ಆಯಿತು. ಕೈ ಚಾಚಿದ ಮೇಲೆ ಗಾಬರಿಯಲ್ಲಿ ಹಿಂದೆ ಎಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಮದುವೆಮನೆಯಲ್ಲಿ ತೊಡಕು ಎಲ್ಲೆಲ್ಲಿ ಬರುತ್ತದೆ ನೋಡಿ. ವೇದಿಕೆಗೆ ನಾಲ್ಕು ಮೆಟ್ಟಿಲು, ಊಟದ ಹಾಲು ನೆಲಮಾಳಿಗೆಯಲ್ಲಿ. ಲಿಫ್ಟ್ ಇದ್ದರೂ ಅದರಲ್ಲಿ ಸಾರಿನ ಹಂಡೆಗಳು. ನಾಲ್ಕು ಜನ ಸೇರಿ ಕುರ್ಚಿ ಸಮೇತ ಎತ್ತಿ ವೇದಿಕೆಗೆ ಏರಿಸುತ್ತೇವೆ ಅಂತ ಹುರುಪಿನಿಂದ ಬರುತ್ತಾರೆ. ಚಕ್ರವನ್ನೋ ಕೈ ಇಡುವ ಪಟ್ಟಿಯನ್ನೋ ಹಿಡಿದು ಎತ್ತಿದರೆ ಅದು ಕೈಗೇ ಕಳಚಿ ಬರಬಹುದು. ಹೊಟ್ಟೆಯ ಸ್ನಾಯುಗಳಿಗೆ ಬಲವಿಲ್ಲದ ಮನುಷ್ಯ ಸ್ವಲ್ಪ ವಾಲಿದರೂ ಮುಂದಕ್ಕೆ ಬೀಳುತ್ತಾನೆ. ಮದುಮಕ್ಕಳೇ ಐದು ನಿಮಿಷ ಕೆಳಗಿಳಿದು ಬಂದು ಫೋಟೊ ತೆಗೆಸಿಕೊಂಡರೆ ಯಾರ ಬೆನ್ನೂ ಹಿಡಿಯುವುದಿಲ್ಲ.

ಊಟದ ಮೇಜು ವೀಲ್‌ಚೇರಿಗೆ ತಗ್ಗು, ಮೊಣಕಾಲು ಒಳಗೆ ಹೋಗುವುದಿಲ್ಲ. ಸಾಲಿನ ತುದಿಯ ಜಾಗ ಬಿಟ್ಟುಕೊಟ್ಟು, ತೊಡೆಯ ಮೇಲೆ ಅಗಲವಾದ ಮರದ ಹಲಗೆ ಇಟ್ಟರೆ ಸಾಕು. ಅಂಗೈಗೆ ಸುತ್ತುವ ಪಟ್ಟಿಯೊಂದಿದೆ, ಅದರೊಳಗೆ ಚಮಚ ಸಿಕ್ಕಿಸಿದರೆ ಬೆರಳು ಆಡದವರೂ ಬಿಸಿಬೇಳೆ ಭಾತ್ ತಿನ್ನಬಹುದು. ತೊಂದರೆ ಕೊಡುವುದು ಪಂಕ್ತಿಯ ಓಟ. ಬಡಿಸುವವರು ಮಜ್ಜಿಗೆಗೆ ಬಂದಾಗ ಇವರು ಇನ್ನೂ ಸಾರಿನಲ್ಲಿರುತ್ತಾರೆ. ಉಣ್ಣಿಸುವವರಿದ್ದರೆ ಪಕ್ಕದಲ್ಲಿ ಕೂತು, ಅವರ ಕಣ್ಣಿನ ಎತ್ತರಕ್ಕೆ ಬಂದು, ಮುಂದಿನ ತುತ್ತು ಯಾವುದು ಅಂತ ಕೇಳಿ ಕೊಡಬೇಕು. ಗಂಟಲಿಗೆ ಸಿಕ್ಕಿದರೆ ಬಲವಾಗಿ ಕೆಮ್ಮಲು ಅವರಿಗೆ ಹೊಟ್ಟೆಯ ಶಕ್ತಿ ಇಲ್ಲ. ಜೊತೆಯವರು ಪಕ್ಕೆಲುಬಿನ ಕೆಳಗೆ ಒತ್ತಿ ಕೆಮ್ಮಿಸುವುದನ್ನು ಫಿಸಿಯೊ ಹತ್ತಿರ ಕಲಿತಿರಬೇಕು.

ಮಾತಾಡಿಸುವುದು ಯಾರನ್ನು?

'ಇವ್ರಿಗೆ ಸಕ್ಕರೆ ಹಾಕ್ಬೋದಾ?' ಕೇಳುವುದು ಹೆಂಡತಿಯನ್ನು ಅಥವಾ ಜೊತೆಗಿದ್ದ ಹುಡುಗನನ್ನು. ಕಾಫಿ ಕುಡಿಯುವವರು ಅಲ್ಲೇ ಕೂತಿದ್ದಾರೆ. ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಡಾಕ್ಟರ ಕೋಣೆಯಲ್ಲಿ ಕೂಡ ಇದೇ ನಡೆಯುತ್ತದೆ. ಹೊರಗೆ ಬರಲು ಶುರುಮಾಡಿದವರು ಬೇಗ ಕಲಿಯುವ ಉಪಾಯ ಒಂದಿದೆ: ಜೊತೆಯವರಿಗೆ ಮೊದಲೇ ಹೇಳಿಡುತ್ತಾರೆ. 'ನಿನ್ನನ್ನ ಕೇಳಿದ್ರೆ ಉತ್ತರ ಕೊಡ್ಬೇಡ, ನನ್ನ ಮುಖ ನೋಡು.' ಜೊತೆಯವನು ಆ ಕಡೆ ತಿರುಗಿದರೆ ಕೇಳಿದವರೂ ತಿರುಗುತ್ತಾರೆ.

ಧ್ವನಿಯ ವಿಷಯವೂ ಇದೆ. ಎದೆಯ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲವಿಲ್ಲದ ಕಾರಣ ಉಸಿರು ಚಿಕ್ಕದು, ದನಿ ಮೆಲ್ಲಗೆ. ವಾಲಗದ ಪಕ್ಕದಲ್ಲಿ ಅವರ ಮಾತು ಕೇಳಿಸುವುದೇ ಇಲ್ಲ. ನಿಂತವರ ಹರಟೆ ಅವರ ತಲೆಯ ಮೇಲೆಯೇ ಹಾದುಹೋಗುತ್ತದೆ. ಒಂದು ಕುರ್ಚಿ ಎಳೆದುಕೊಂಡು ಎದುರು ಕೂತರೆ ಕುತ್ತಿಗೆ ಎತ್ತುವ ನೋವೂ ತಪ್ಪುತ್ತದೆ, ಮಾತೂ ಕೇಳಿಸುತ್ತದೆ.

ನೋಡಲು ಬಂದವರ ಮಾತುಗಳಲ್ಲಿ ಮೂರು ಬಗೆ ಬಹಳ ಸಾಮಾನ್ಯ: ಹಿಂದಿನ ಜನ್ಮದ ಕರ್ಮ, ಇಂಥ ಊರಿನ ನಾಟಿ ಎಣ್ಣೆ, 'ನೀನು ಮನಸ್ಸು ಮಾಡಿದ್ರೆ ಎದ್ದು ನಡೀತೀಯ'. ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ತುಂಡಾದ ನರಕ್ಕೆ ಮನಸ್ಸಿನ ಗಟ್ಟಿತನ ಹತ್ತುವುದಿಲ್ಲ. ಸ್ಪರ್ಶವಿಲ್ಲದ ಚರ್ಮಕ್ಕೆ ಬಿಸಿ ಎಣ್ಣೆ, ಬಿಸಿ ಶಾಖ ಹಾಕಿ ಸುಟ್ಟುಕೊಂಡವರಿದ್ದಾರೆ. ಇವುಗಳ ಬದಲು ಕ್ರಿಕೆಟ್ ಸ್ಕೋರ್, ಅಡಿಕೆ ರೇಟು, ಊರ ಜಾತ್ರೆ ಬಗ್ಗೆ ಮಾತಾಡಿ. ಮೊದಲೂ ಅದನ್ನೇ ಮಾತಾಡುತ್ತಿದ್ದಿರಿ ತಾನೆ?

ಸ್ನೇಹಿತರು ಕಡಿಮೆಯಾಗುವುದು ಯಾಕೆ?

ಮೊದಲ ತಿಂಗಳು ಮನೆ ತುಂಬ ಜನ. ಆರು ತಿಂಗಳಿಗೆ ಫೋನ್ ಮಾತ್ರ. ವರ್ಷಕ್ಕೆ ಹಬ್ಬದ ಮೆಸೇಜು. ಇದು ಹಲವರ ಅನುಭವ. ಗೆಳೆಯರೆಲ್ಲ ಕಲ್ಲು ಮನಸ್ಸಿನವರು ಅಂತೇನಲ್ಲ. ಗಂಡಸರ ಗೆಳೆತನ ಹೆಚ್ಚಾಗಿ ಒಟ್ಟಿಗೆ ಏನಾದರೂ ಮಾಡುವುದರಲ್ಲಿ ಇರುತ್ತದೆ. ಟೀ ಅಂಗಡಿಗೆ ಹೋಗುವುದು, ಬೈಕಿನಲ್ಲಿ ಸುತ್ತುವುದು, ವಾಲಿಬಾಲ್ ಆಡುವುದು. ಅದು ನಿಂತಾಗ ಎದುರುಬದುರು ಕೂತು ಏನು ಮಾಡಬೇಕು ಅಂತ ಇಬ್ಬರಿಗೂ ತೋಚುವುದಿಲ್ಲ. ಹೆಂಗಸರ ಸ್ಥಿತಿ ಇನ್ನೊಂದು ರೀತಿಯದು. ಎತ್ತಿ ಕೂರಿಸಲು, ಟ್ಯೂಬು ನೋಡಲು ಹೆಂಗಸರೇ ಜೊತೆಗೆ ಬೇಕು, ಅದಿಲ್ಲದೆ ಅವರನ್ನು ಹೊರಗೆ ಕರೆದೊಯ್ಯುವವರೇ ಇರುವುದಿಲ್ಲ.

ಮನೆಯೊಳಗಿನ ನಂಟೂ ಬದಲಾಗುತ್ತದೆ. ಸ್ನಾನ, ಶೌಚ ಎಲ್ಲ ನೋಡಿಕೊಳ್ಳುವ ಹೆಂಡತಿಗೆ ರಾತ್ರಿ ಹೊತ್ತು ಹೆಂಡತಿಯಾಗಿ ಮಾತಾಡಲು ಶಕ್ತಿ ಉಳಿದಿರುವುದಿಲ್ಲ. ಬೆಳಗಿನ ಕೆಲಸಕ್ಕಾದರೂ ಹೊರಗಿನವರೊಬ್ಬರನ್ನು ಇಟ್ಟುಕೊಳ್ಳಲು ಸಾಧ್ಯವಾದರೆ ಸಂಸಾರಕ್ಕೆ ಒಳ್ಳೆಯದು ಎಂದು ಪುನರ್ವಸತಿ ತಜ್ಞರು ಹೇಳುವುದು ಇದಕ್ಕೇ. ದಾಂಪತ್ಯ, ಮಕ್ಕಳು ಇವುಗಳ ಬಗ್ಗೆ ಕೇಳಲು ನಾಚಿಕೊಳ್ಳಬೇಕಾಗಿಲ್ಲ. ಹೆಂಗಸರಿಗೆ ಮುಟ್ಟು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮರಳುತ್ತದೆ, ಗರ್ಭ ಧರಿಸಬಹುದು. ಗಂಡಸರಿಗೂ ವೈದ್ಯರ ನೆರವಿನಿಂದ ದಾರಿಗಳಿವೆ.

ಈ ಹಂತದಲ್ಲಿ ತುಂಬ ಕೆಲಸ ಮಾಡುವುದು ಎರಡು. ಒಂದು ಫೋನ್. ಗೂಗಲ್ ಕೀಬೋರ್ಡಿಗೆ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುತ್ತದೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇಂಗ್ಲಿಷ್ ಮಾತಿನಿಂದಲೇ ಪರದೆಯನ್ನು ನಡೆಸುವ ಸೌಲಭ್ಯವಿದೆ. ಬೆರಳ ಗೆಣ್ಣಿನಿಂದ ಒತ್ತಿಯೂ ವಾಟ್ಸಾಪ್ ನಡೆಸುವವರಿದ್ದಾರೆ. ಇನ್ನೊಂದು, ತಮ್ಮಂತೆಯೇ ಪೆಟ್ಟು ತಿಂದು ಹತ್ತು ವರ್ಷ ಕಳೆದವರ ಪರಿಚಯ. ಬಸ್ಸಿನಲ್ಲಿ ಚೀಲ ಖಾಲಿ ಮಾಡಿಸುವುದು ಹೇಗೆ ಅನ್ನುವುದಕ್ಕೆ ಡಾಕ್ಟರಿಗಿಂತ ಅವರ ಉತ್ತರವೇ ಚೆನ್ನ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಪುನರ್ವಸತಿ ಸಂಸ್ಥೆ ಹಳೆಯ ರೋಗಿಗಳನ್ನು ಕರೆಸಿ ಪ್ರತಿವರ್ಷ 'ರಿಹ್ಯಾಬ್ ಮೇಳ' ನಡೆಸುತ್ತದೆ. ಆ ವಿಭಾಗವನ್ನು ಕಟ್ಟಿದ ಡಾ. ಮೇರಿ ವರ್ಗೀಸ್ 1954ರ ಕಾರು ಅಪಘಾತದ ನಂತರ ತಾವೇ ವೀಲ್‌ಚೇರಿನಲ್ಲಿದ್ದವರು. ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸೌತಡ್ಕದಲ್ಲಿರುವ ಸೇವಾಧಾಮ ಬೆನ್ನುಹುರಿ ಪೆಟ್ಟಿನವರಿಗಾಗಿ ಕೆಲಸ ಮಾಡುತ್ತಿವೆ.

ಎಸ್. ರಾಮಕೃಷ್ಣನ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 1975ರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ ನೌಕಾಪಡೆ ಅಧಿಕಾರಿಗಳ ಆಯ್ಕೆ ಪರೀಕ್ಷೆಗೆ ಬೆಂಗಳೂರಿಗೆ ಬಂದರು. ಆ ಪರೀಕ್ಷೆಯಲ್ಲೇ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಹೋಯಿತು. ತಮಿಳುನಾಡಿನ ತಮ್ಮ ಊರು ಆಯ್ಕುಡಿಗೆ ಮರಳಿ 1981ರಲ್ಲಿ ಅಮರ್ ಸೇವಾ ಸಂಗಮ್ ಶುರುಮಾಡಿದರು. 2020ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಸಂಸ್ಥೆ ಕಟ್ಟಬೇಕಾಗಿಲ್ಲ ಬಿಡಿ. ಒಂದು ಚೀಟಿ ವ್ಯವಹಾರದ ಲೆಕ್ಕ ನೋಡಿಕೊಳ್ಳುವುದೂ, ಪಕ್ಕದ ಮನೆ ಮಕ್ಕಳಿಗೆ ಪಾಠ ಹೇಳುವುದೂ ಮನೆಗೆ ನಾಲ್ಕು ಜನ ಬರುವಂತೆ ಮಾಡುತ್ತದೆ.

ಹೊಸ್ತಿಲಿನಿಂದ ಮತಗಟ್ಟೆಯವರೆಗೆ

ಹೊರಗೆ ಬರಲು ಮೊದಲ ತಡೆ ಮನೆಯ ಹೊಸ್ತಿಲೇ. ಇಳಿಜಾರಿನ ಲೆಕ್ಕ 1:12. ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್. ಹಲವು ಕಡೆ ಕಾಣುವ ಮೂರಡಿಯ ಕಡಿದಾದ ರ‍್ಯಾಂಪ್ ಬೈಕ್ ಏರಿಸಲು ಸರಿ, ವೀಲ್‌ಚೇರಿಗೆ ಅಪಾಯ. ಬಾಗಿಲು 900 ಮಿಲಿಮೀಟರ್, ಹತ್ತಿರ ಹತ್ತಿರ ಮೂರಡಿ ಅಗಲ ಬೇಕು. ನಮ್ಮ ಬಚ್ಚಲು ಬಾಗಿಲುಗಳು ಎರಡೂವರೆ ಅಡಿಯೂ ಇರುವುದಿಲ್ಲ. ಯಾರನ್ನಾದರೂ ಕರೆಯುವ ಮೊದಲು ಮೆಟ್ಟಿಲೆಷ್ಟು, ಬಾಗಿಲೆಷ್ಟು ಅಗಲ, ಮಲಗಿಸಿ ಟ್ಯೂಬು ನೋಡಲು ಒಂದು ಕೋಣೆ ಸಿಗುತ್ತದಾ ಅಂತ ಅಳತೆ ಸಮೇತ, ಫೋಟೊ ಸಮೇತ ತಿಳಿಸಿದರೆ 'ಏನೂ ತೊಂದ್ರೆ ಇಲ್ಲ, ಬನ್ನಿ' ಅನ್ನುವುದಕ್ಕಿಂತ ಉಪಯೋಗ ಜಾಸ್ತಿ.

ಕಾನೂನು ಇವರ ಪರವಾಗಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದು, ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. ನಾಲ್ಕು ಜನರ ಎದುರು ಬೇಕಂತಲೇ ಅವಮಾನ ಮಾಡಿದರೆ ಅದರ 92ನೇ ಕಲಮಿನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ, ಕಟ್ಟಡ ಮತ್ತು ಸಾರಿಗೆಯ ಸುಗಮ ಬಳಕೆಯ ಮಾನದಂಡಗಳು ಬರೀ ಸಲಹೆಯಾಗಿರಬಾರದು, ಕಡ್ಡಾಯವಾಗಬೇಕು ಎಂದು ಹೇಳಿತು. ಯಾವ ಸೌಲಭ್ಯಕ್ಕೂ ಮೊದಲು ಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಲ್ಲರೂ ಕರೆಯುವ ವಿಆರ್‌ಡಬ್ಲ್ಯು, ಅರ್ಜಿಗೆ ನೆರವಾಗುತ್ತಾರೆ. ಸಹಿ ಹಾಕಲು ಆಗದವರು ಬ್ಯಾಂಕಿನಲ್ಲಿ ಹೆಬ್ಬೆರಳ ಗುರುತು, ಅದೂ ಆಗದಿದ್ದರೆ ಕಾಲ್ಬೆರಳ ಗುರುತು ಹಾಕಿ ಹಣ ತೆಗೆಯಬಹುದು. ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ.

ವೋಟಿನ ವಿಷಯದಲ್ಲಿ ಎರಡು ದಾರಿ ಇವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. 12ಡಿ ನಮೂನೆ ತುಂಬಿ ಕೊಟ್ಟರೆ ಸಿಬ್ಬಂದಿ ಮನೆಗೆ ಬರುತ್ತಾರೆ. ಆದರೆ ಊರವರನ್ನೆಲ್ಲ ಒಟ್ಟಿಗೆ ನೋಡುವ ದಿನ ಅದು, ಬೂತಿಗೇ ಹೋಗುತ್ತೇನೆ ಅನ್ನುವವರು ಹೋಗಬಹುದು. ಗುಂಡಿ ಒತ್ತಲು ಆಗದಿದ್ದರೆ 18 ವರ್ಷ ತುಂಬಿದ ಒಬ್ಬರನ್ನು ಜೊತೆಗೆ ಒಳಗೆ ಕರೆದೊಯ್ಯಲು ನಿಯಮ ಬಿಡುತ್ತದೆ. ಆ ಜೊತೆಗಾರ ಗುಟ್ಟು ಕಾಯುತ್ತೇನೆ ಎಂದು ಬರೆದುಕೊಡಬೇಕು, ಅದೇ ದಿನ ಇನ್ನೊಬ್ಬರಿಗೆ ಜೊತೆಗಾರನಾಗುವಂತಿಲ್ಲ. ಗುರುತಿಗೆ ಅವನ ಬಲಗೈ ತೋರುಬೆರಳಿಗೂ ಶಾಯಿ ಹಚ್ಚುತ್ತಾರೆ.